ನೇಪಾಳದ ಗುಹೆಗಳು: ನೆಲ್ಲಿತೀರ್ಥ ಕಂಡವರು ಮೊದಲು ಯಾವುದನ್ನು ನೋಡಬೇಕು?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರಿನಲ್ಲಿ ನನ್ನ ತಂದೆಯವರನ್ನು ಮಂಗಳೂರಿನ ಬಳಿಯ ನೆಲ್ಲಿತೀರ್ಥದ ಗುಹೆಗೆ ಕರೆದುಕೊಂಡು ಹೋಗಿದ್ದೆ. ಅರವತ್ತೆಂಟರ ವಯಸ್ಸಿನಲ್ಲಿ ಬಾಗಿ, ಮತ್ತೆ ಮೊಣಕಾಲೂರಿ, ಪಂಚೆಯೆಲ್ಲ ಕೆಸರಾಗುವಂತೆ ತೆವಳಿ ಒಳಗಿನ ಶಿವಲಿಂಗದ ಎದುರು ಕುಳಿತಾಗ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮರೆಯಲಾರೆ. ಈ ದೀಪಾವಳಿಯ ನಂತರ ನಾವಿಬ್ಬರೂ ನೇಪಾಳಕ್ಕೆ ಹೊರಟಿದ್ದೇವೆ. ಅಲ್ಲಿನ ಯಾವ ಗುಹೆಗಳನ್ನು ನೋಡಬಹುದು, ಅವು ನಮ್ಮ ಕಡೆಯವುಗಳಿಗಿಂತ ಹೇಗೆ ಬೇರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಂಗಳೂರಿನಿಂದ, ನಿವೃತ್ತ ಭೂವಿಜ್ಞಾನ ಅಧ್ಯಾಪಕ)

ನೆಲ್ಲಿತೀರ್ಥದ್ದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಹೆ. ಗಟ್ಟಿ ಪದರದ ಅಡಿಯ ಮೆತ್ತಗಿನ ಜೇಡಿಯನ್ನು ನೀರು ಕೊರೆದು ಒಯ್ದಾಗ ಇಂಥ ಪೊಳ್ಳು ಉಂಟಾಗುತ್ತದೆ. ನೇಪಾಳದ ನಡುಭಾಗದ ಗುಹೆಗಳಲ್ಲಿ ನಡೆದಿರುವುದು ಬೇರೆ: ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾದ ಮಳೆನೀರು ಬಿರುಕುಗಳಲ್ಲಿ ಇಳಿದು ಸುಣ್ಣದಕಲ್ಲನ್ನು ಕರಗಿಸುತ್ತದೆ, ಅದೇ ನೀರು ಛಾವಣಿಯಿಂದ ತೊಟ್ಟಿಕ್ಕುವಾಗ ಆ ಸುಣ್ಣವನ್ನು ಮರಳಿ ಬಿಟ್ಟು ಕೊಂಬಿನಂತೆ ಇಳಿಬೀಳುವ ಕಲ್ಲುಗಳನ್ನು ಬೆಳೆಸುತ್ತದೆ. ಪೋಖರಾದ ಮಹೇಂದ್ರ ಗುಹೆಯಲ್ಲಿ ಜನರು ಇವುಗಳನ್ನು ಮುರಿದೊಯ್ದದ್ದೇ ಹೆಚ್ಚು. ಸಾವಿರಾರು ವರ್ಷಗಳಲ್ಲಿ ಬೆಳೆದದ್ದು ಒಂದು ಏಟಿಗೆ ಹೋಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಕೈಯಿಂದಲೂ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದಲ್ಲಿ ಬೆಳವಣಿಗೆ ನಿಲ್ಲುತ್ತದೆ.

ಪೋಖರಾದಲ್ಲೇ ಇರುವ ಗುಪ್ತೇಶ್ವರ ಮಹಾದೇವ ಗುಹೆಯನ್ನು ತಪ್ಪಿಸಬೇಡಿ. ಫೇವಾ ಸರೋವರದಿಂದ ಹೊರಟ ನೀರು ರಸ್ತೆಯ ಆಚೆ ಬದಿಯ ಡೇವಿಸ್ ಜಲಪಾತದಲ್ಲಿ ನೆಲದೊಳಗೆ ಮಾಯವಾಗುತ್ತದೆ. ಗುಹೆಯ ತಳಕ್ಕೆ ಇಳಿದರೆ ಬಂಡೆಯ ಸೀಳಿನಾಚೆ ಅದೇ ನೀರು ಬೆಳಕಿನ ಪಟ್ಟಿಯೊಂದಿಗೆ ಬೀಳುವುದು ಕಾಣುತ್ತದೆ. ಮಳೆಗಾಲದಲ್ಲಿ ಕೆಳಭಾಗಕ್ಕೆ ಬಿಡುವುದಿಲ್ಲವಾದ್ದರಿಂದ ನೀವು ಆರಿಸಿದ ಕಾಲ ಸರಿಯಾಗಿದೆ. ಬಂದೀಪುರದ ಬಳಿಯ ಸಿದ್ಧ ಗುಹೆ ಬಹಳ ದೊಡ್ಡದು, ಆದರೆ ಏರುದಾರಿಯೂ ಕತ್ತಲೆಯೂ ತಂದೆಯವರಿಗೆ ಕಷ್ಟವಾದೀತು.

ಉತ್ತರ (ಉಡುಪಿಯ ಇನ್ನೊಬ್ಬರಿಂದ)

ನಾನು ಹಲೇಸಿಯ ಗುಹೆಯನ್ನು ಸೂಚಿಸುತ್ತೇನೆ. ಪೂರ್ವದ ಖೋಟಾಂಗ್ ಜಿಲ್ಲೆಯಲ್ಲಿದೆ, ದಾರಿ ದೂರ. ಭಸ್ಮಾಸುರನಿಗೆ ಹೆದರಿ ಶಿವನು ಅಡಗಿದ್ದ ಸ್ಥಳವೆಂದು ಹಿಂದೂಗಳು ನಂಬುತ್ತಾರೆ, ಬೌದ್ಧರಿಗೆ ಅದು ಟಿಬೆಟ್ಟಿನ ಬೌದ್ಧರು ಪೂಜಿಸುವ ಗುರು ಪದ್ಮಸಂಭವನು ಸಾಧನೆ ಮಾಡಿದ, ಮಾರಾತಿಕ ಎಂಬ ಹೆಸರಿನ ಗುಹೆ, ಪೂರ್ವ ನೇಪಾಳದ ಮೂಲನಿವಾಸಿಗಳಾದ ಕಿರಾತರಿಗೂ ಪವಿತ್ರ. ಭಸ್ಮಾಸುರ ಮೋಹಿನಿಯ ಪ್ರಸಂಗವನ್ನು ಬಯಲಾಟದಲ್ಲಿ ನೋಡುತ್ತಲೇ ಬೆಳೆದವನಾದ ನನಗೆ, ಯಾಣದ ಕಪ್ಪು ಶಿಲೆಗಳ ಬಳಿ ಕೇಳಿದ ಅದೇ ಕಥೆ ಅಷ್ಟು ದೂರದಲ್ಲಿ ಎದುರಾದಾಗ ಮೈ ಜುಮ್ಮೆಂದಿತು. ಬಂಡೆಗಳ ನಡುವಿನ ಇಕ್ಕಟ್ಟಾದ ಸಂದುಗಳಲ್ಲಿ ಭಕ್ತರು ನುಸುಳುತ್ತಾರೆ. ನೆಲ್ಲಿತೀರ್ಥದಲ್ಲಿ ತೆವಳಿದವರಿಗೆ ಅದು ಹೊಸತೇನಲ್ಲ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಕೃತಜ್ಞತೆಗಳು. ಚಿತ್ರಗಳಲ್ಲಿ ಕಾಣುವ, ಉತ್ತರ ನೇಪಾಳದ ಮುಸ್ತಾಂಗಿನ ಗುಹೆಗಳೂ ನೀರಿನಿಂದಲೇ ಆದವೇ?

ಉತ್ತರ (ಮಂಗಳೂರಿನಿಂದ)

ಅಲ್ಲ, ಅವು ಮನುಷ್ಯರು ಕೊರೆದವು. ಕಾಳಿಗಂಡಕಿಯ ಕಣಿವೆಯ ಮೆದು ಬಂಡೆಗೋಡೆಗಳಲ್ಲಿ ಅಂಥವು ಸುಮಾರು 10,000 ಇವೆಯೆಂದು ಅಂದಾಜಿಸಲಾಗಿದೆ. ಮೊದಲು ಶವಗಳನ್ನಿಡಲು, ನಂತರ ವಾಸಕ್ಕೆ, ಆಮೇಲೆ ಭಿಕ್ಷುಗಳ ಧ್ಯಾನಕ್ಕೆ ಬಳಕೆಯಾದವು. ಮುಸ್ತಾಂಗಿನ ಮೇಲ್ಭಾಗದ ಛೋಸೇರ್ ಎಂಬಲ್ಲಿ ಏಣಿಗಳಿಂದ ಅಂತಸ್ತು ಅಂತಸ್ತಾಗಿ ಏರುವ ಗುಹೆಯೊಂದಿದೆ. 1992ರವರೆಗೆ ಆ ಮೇಲಿನ ಸೀಮೆ ಹೊರದೇಶದವರಿಗೆ ಮುಚ್ಚಿತ್ತು. ಅಲ್ಲಿ ಸುಮಾರು 3,800 ಮೀಟರ್ ಎತ್ತರ, ಉಸಿರು ಹಿಡಿಯುತ್ತದೆ. ವೈದ್ಯರನ್ನು ಕೇಳದೆ ತಂದೆಯವರನ್ನು ಕರೆದೊಯ್ಯಬೇಡಿ. ಪೋಖರಾದಲ್ಲಿ ಎರಡು ದಿನ ನಿಂತು ಗುಪ್ತೇಶ್ವರದಲ್ಲಿ ಅವರನ್ನು ಕೈಹಿಡಿದು ಇಳಿಸಿರಿ. ಮೆಟ್ಟಿಲುಗಳು ಸದಾ ಒದ್ದೆ.