ಕಸಿ ಆದ ಮೇಲೆ ಟಿ-ಕೋಶ 71%: ಅನುಭವ ಇದ್ದವರು ಹೇಳಿ

ಪ್ರಶ್ನೆ: ತಮ್ಮನಿಗೆ ಎಎಂಎಲ್ ಅನ್ನೋ ರಕ್ತದ ಕ್ಯಾನ್ಸರ್. ತಂಗಿಯ ಕಾಂಡಕೋಶ ಕೊಟ್ಟು ಇವತ್ತಿಗೆ 64 ದಿನ. 60ನೇ ದಿನದ ಕೈಮೆರಿಸಂ (ಕೋಶಗಳಲ್ಲಿ ದಾನಿಯದು ಎಷ್ಟು ಅನ್ನೋ ಟೆಸ್ಟ್) ರಿಪೋರ್ಟಲ್ಲಿ ಒಟ್ಟು ರಕ್ತದಲ್ಲಿ ತಂಗಿಯದು 98%, ಟಿ-ಕೋಶದಲ್ಲಿ (ರೋಗದ ವಿರುದ್ಧ ಹೋರಾಡೋ ಒಂದು ಬಗೆ ಬಿಳಿ ರಕ್ತಕಣ) ಮಾತ್ರ 71%. ಅಮ್ಮ ಆ 71 ನೋಡಿದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ. ಕ್ಯಾನ್ಸರ್ ವಿರುದ್ಧ ಹೋರಾಡೋ ಕೋಶ ಸಾಲದಾ?

ಶಿವಮೊಗ್ಗದಿಂದ: ಅಕ್ಕಾ, ಮೊದಲು ಅಮ್ಮನಿಗೆ ಊಟ ಮಾಡಿಸಿ. ನಮ್ಮ ಯಜಮಾನರಿಗೆ ಅವರ ಅಣ್ಣನೇ ದಾನಿ. ಟಿ-ಕೋಶ 30ನೇ ದಿನ 62, 60ಕ್ಕೆ 74, 100ಕ್ಕೆ 91. ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಿಳಿ ರಕ್ತಕಣ ಬೇಗ ದಾನಿಯದಾಗುತ್ತೆ, ರೋಗಿಯ ಹಳೇ ಟಿ-ಕೋಶ ಗಟ್ಟಿ ಜೀವ, ಕೀಮೋ ತಡ್ಕೊಂಡು ತಿಂಗಳುಗಟ್ಟಲೆ ಉಳಿಯಬಹುದು ಅಂದ್ರು ಡಾಕ್ಟರ್. ಏರ್ತಿದೆಯಾ ಇಳೀತಿದೆಯಾ ನೋಡಿ, ಒಂದು ಸಲದ ಅಂಕಿ ಹಿಡ್ಕೊಂಡು ಕೂರಬೇಡಿ.

ನಾನು ನೋಟ್‌ಬುಕ್ಕಲ್ಲಿ ಗೆರೆ ಎಳೆದು ತಾರೀಕು, ಕೈಮೆರಿಸಂ, ಎಂಆರ್‌ಡಿ (ಉಳಿದಿರೋ ಕ್ಯಾನ್ಸರ್ ಕೋಶ ಹುಡುಕೋ ಟೆಸ್ಟ್), ಮಾತ್ರೆ ಎಷ್ಟು ಮಿಲಿಗ್ರಾಂ, ಕೊನೇ ಕಾಲಮ್ಮಲ್ಲಿ ಚರ್ಮ-ಹೊಟ್ಟೆ ಹೇಗಿದೆ ಅಂತ ಬರೀತಿದ್ದೆ. ದಾನಿಯ ಕೋಶ ಮೈಮೇಲೆ ತಿರುಗಿಬೀಳದ ಹಾಗೆ ಕೊಡೋ ಸೈಕ್ಲೋಸ್ಪೋರಿನ್ ಮಾತ್ರೆ 75ರಿಂದ 50ಕ್ಕೆ ಇಳಿಸಿದ ಒಂಬತ್ತನೇ ದಿನ ಅವರ ಅಂಗೈ ಕೆಂಪಗಾಗಿ ಕಿವಿ ಹಿಂದೆ ತುರಿಕೆ ಶುರುವಾಯ್ತು. ಆ ತಿಂಗಳೇ ಟಿ-ಕೋಶ ಏರಿದ್ದು. ಎರಡೂ ಒಂದೇ ಸಾಲಲ್ಲಿ ಕಂಡಾಗ ನನಗೆ ವಿಷಯ ಹೊಳೀತು: ಅಣ್ಣನ ಕೋಶ ಇವರ ಮೈಯನ್ನ ಬೇರೆ ಅಂತ ಗುರುತಿಸ್ತಿದೆ, ಕ್ಯಾನ್ಸರನ್ನೂ ಹಾಗೇ ಗುರುತಿಸಬಹುದು. ಮುಲಾಮಲ್ಲೇ ಕಡಿಮೆ ಆಯ್ತು. ಹಾಗಂತ ಗುಳ್ಳೆ ಬಂದ್ರೆ ಒಳ್ಳೇದು ಅಂತ ಸುಮ್ಮನಿರಬೇಡಿ. ಭೇದಿ, ಕಣ್ಣು ಹಳದಿ, ಮೈ ಕೆಂಪು ಯಾವುದೇ ಕಂಡ್ರೂ ಅವತ್ತೇ ಫೋನ್ ಮಾಡಿ.

ಲ್ಯಾಬಲ್ಲಿ ಕೆಲಸ ಮಾಡುವವನು: ಆ ಶೇಕಡಾ ಹೇಳುವುದು ಕೋಶ ಯಾರದು ಅಂತ ಮಾತ್ರ. ಅದು ಕ್ಯಾನ್ಸರನ್ನು ಕೊಲ್ಲುತ್ತಿದೆಯೇ ಎಂಬುದು ಅದರಲ್ಲಿಲ್ಲ. ಡಿಎನ್‌ಎಯಲ್ಲಿ ಇಬ್ಬರಿಗೂ ಬೇರೆಯಾಗಿರುವ ಗುರುತುಗಳನ್ನು ಹೋಲಿಸುತ್ತೇವೆ, ಅದಕ್ಕೇ ಕಸಿಗೆ ಮುಂಚಿನ ಇಬ್ಬರ ಮಾದರಿಯೂ ಬೇಕು. ಲ್ಯಾಬ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ಡಿಎನ್‌ಎ ಸಿಗುತ್ತದೆಯೇ ವಿಚಾರಿಸಿ.

2003ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಒಂದು ಕೆಲಸ ನಡೆಯಿತು. ರೋಗ ಮರುಕಳಿಸಿದವರಿಗೆ ದಾನಿಯ ಲಿಂಫೋಸೈಟ್ (ಟಿ-ಕೋಶಗಳೂ ಸೇರಿದ ಬಿಳಿ ರಕ್ತಕಣ) ಕೊಟ್ಟು, ರೋಗಿಯ ರಕ್ತಕೋಶಗಳಲ್ಲಿರುವ ಎಚ್‌ಎ-1, ಎಚ್‌ಎ-2 ಎಂಬ ಗುರುತುಗಳನ್ನು ಬೇಟೆಯಾಡುವ ಟಿ-ಕೋಶಗಳನ್ನೇ ರಕ್ತದಲ್ಲಿ ಎಣಿಸಿದರು. 5-7 ವಾರಕ್ಕೆ ಅವು ಕಾಣಿಸಿಕೊಂಡವು, ಬೆನ್ನಿಗೇ ರೋಗ ಇಳಿಯಿತು. ಹೋರಾಡುವ ಕೋಶವನ್ನು ಕಣ್ಣಾರೆ ಕಾಣುವುದೆಂದರೆ ಅದು. ನಮ್ಮ ದಿನನಿತ್ಯದ ರಿಪೋರ್ಟ್ ಅದಲ್ಲ, ಹಾಗಾಗಿ ಕೈಮೆರಿಸಂ ಜೊತೆಗೆ ಎಂಆರ್‌ಡಿ ಕೇಳಿ. ಎಂಆರ್‌ಡಿ ನೆಗೆಟಿವ್ ಇದ್ದು 71 ಇರುವುದು ಬೇರೆ, ಪಾಸಿಟಿವ್ ಇದ್ದು 71 ಇರುವುದು ಬೇರೆ.

ಹುಬ್ಬಳ್ಳಿಯಿಂದ: ನಾನು ದಾನಿರೀ. ನಮ್ಮ ಅಕ್ಕಗ ಟಿ-ಕೋಶ ಇಳಿಯಾಕ ಹತ್ತಿದಾಗ ಲಿಂಫೋಸೈಟ್ ಕೊಟ್ಟೆ. ಎರಡೂ ತೋಳಿಗೆ ಸೂಜಿ ಹಾಕಿ ಮೂರು ತಾಸು ಮಷಿನ್ ಮುಂದ ಮಲಗಿದ್ದೆ. ಒಮ್ಮೆಗೇ ಎಲ್ಲಾ ಕೊಡಂಗಿಲ್ಲ, ಸ್ವಲ್ಪ ಕೊಟ್ಟು ಉಳಿದದ್ದು ಫ್ರೀಜ್ ಮಾಡಿ ಇಡ್ತಾರ. ನಿಮ್ಮ ತಂಗಿಗೂ ಇದನ್ನ ಈಗಲೇ ತಿಳಿಸಿ ಇಡ್ರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೈ ಮುಗೀತೀನಿ. ನಾಳೆ ಓಪಿಡಿಯಲ್ಲಿ ಎಂಆರ್‌ಡಿ ಕೇಳ್ತೀನಿ. ಸೈಕ್ಲೋಸ್ಪೋರಿನ್ ಲೆವೆಲ್‌ಗೂ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಹೋಗಬೇಕಾ?

ಶಿವಮೊಗ್ಗದಿಂದ: ಬೇಡ. ನಮಗೆ ಪ್ರತಿ ಸಲ ರಕ್ತ ಕೊಟ್ಟ ಮೇಲೇ ನುಂಗೋಕೆ ಹೇಳ್ತಿದ್ರು. ಮಾತ್ರೆ ಜೊತೇಲೇ ಇಟ್ಕೊಂಡು ಹೋಗಿ.