ಪೀಣ್ಯದ ಸಣ್ಣ ಶೆಡ್‌ನಲ್ಲಿ ಸೇಫ್ಟಿ: ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಸೂಪರ್‌ವೈಸರ್ ಆಗಿ ಎರಡು ತಿಂಗಳಾಯಿತು. 22 ಜನ ಇದ್ದೇವೆ. ಹೋದ ವಾರ ಡ್ರಿಲ್ಲಿಂಗ್ ಮಷಿನ್‌ಗೆ ಒಬ್ಬ ಹುಡುಗನ ಗ್ಲೌಸ್ ಸಿಕ್ಕಿ ಬೆರಳು ಮುರಿಯಿತು. "ಇನ್ಮೇಲೆ ಸೇಫ್ಟಿ ನೀನೇ ನೋಡ್ಕೋ" ಅಂದರು ಓನರ್. ಏನು ನೋಡಬೇಕು ಅಂತಲೇ ಗೊತ್ತಾಗುತ್ತಿಲ್ಲ. ಅನುಭವ ಇರುವವರು ಹೇಳಿ.

ಮಷಿನ್ ಶಾಪ್ ಫೋರ್‌ಮನ್, ರಾಜಾಜಿನಗರ:
ಮೊದಲು ಆ ಹುಡುಗನ ಕೈ ಹೇಗಿದೆ ಹೇಳಿ. ಇ.ಎಸ್.ಐ. (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ ಆಕ್ಸಿಡೆಂಟ್ ರಿಪೋರ್ಟ್ ತಕ್ಷಣ ಹಾಕಿಸಿ. ಕೆಲಸದಲ್ಲಿ ಪೆಟ್ಟಾಗಿ ರಜೆಯಲ್ಲಿದ್ದರೆ ಸಂಬಳದ ಶೇ. 90ರಷ್ಟು ಅಲ್ಲಿಂದ ಸಿಗುತ್ತದೆ, ಅದು ಅವನ ಹಕ್ಕು.

ಡ್ರಿಲ್ಲಿಂಗ್, ಲೇತ್ ಹತ್ತಿರ ಗ್ಲೌಸ್ ಹಾಕಲೇಬಾರದು. ಬರಿಗೈಗೆ ಗೀರಬಹುದು, ಆದರೆ ಗ್ಲೌಸ್ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉದ್ದ ತೋಳು, ಕತ್ತಿನ ಟವೆಲ್, ಕೈಯ ದಾರ, ಎಲ್ಲವೂ ಅಷ್ಟೇ. ಜಾಬನ್ನು, ಅಂದರೆ ಕೊರೆಯುವ ಲೋಹದ ತುಂಡನ್ನು, ಕೈಯಲ್ಲಿ ಹಿಡಿಯದೆ ಕಚ್ಚಿ ಹಿಡಿಯುವ ವೈಸ್‌ಗೆ ಕಟ್ಟಿಸಿ. ಚಿಪ್ಸ್ (ಲೋಹದ ಚೂರು) ತೆಗೆಯೋದು ಮಷಿನ್ ನಿಲ್ಲಿಸಿ, ಬ್ರಷ್‌ನಲ್ಲಿ.

ಇನ್ನು ಹುಡುಕೋದು ಹೇಗೆ ಅಂದರೆ, ಆಫೀಸಿನಲ್ಲಿ ಕೂತು ಲಿಸ್ಟ್ ಬರೆಯಬೇಡಿ. ಹೆಲ್ಪರ್‌ಗಳ ಜೊತೆ ಒಂದು ಸುತ್ತು ನಡೆಯಿರಿ, "ಇಲ್ಲಿ ಯಾವಾಗಲಾದರೂ ಕೈ ಜಾರಿತ್ತಾ?" ಅಂತ ಕೇಳಿ, ಮತ್ತೆ ಸುಮ್ನೆ ನಿಂತು ಕೇಳಿಸಿಕೊಳ್ಳಿ. ಸ್ವಲ್ಪದರಲ್ಲಿ ತಪ್ಪಿದ್ದು ಅವರಿಗೆಲ್ಲ ಗೊತ್ತಿರುತ್ತದೆ, ಬೈಗುಳಕ್ಕೆ ಹೆದರಿ ಹೇಳಿರೋದಿಲ್ಲ ಅಷ್ಟೇ.

ನಮ್ಮಲ್ಲಿ ಪವರ್ ಪ್ರೆಸ್‌ನ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ) ಬಿಚ್ಚಿ ಗೋಡೆಗೆ ತಂತಿಯಲ್ಲಿ ನೇತು ಹಾಕಿದ್ದರು, ಮೇಲೆ ಒಂದು ಇಂಚು ಧೂಳು. ನಾನು ಬೈದು ಹಾಕಿಸಿದೆ, ಮಾರನೇ ದಿನ ಮತ್ತೆ ಗೋಡೆ ಮೇಲೆ. ಕೊನೆಗೆ ಯಾಕಪ್ಪಾ ಅಂತ ಕೇಳಿದಾಗ ಆಪರೇಟರ್ ನನ್ನನ್ನೇ ಸ್ಟೂಲ್ ಮೇಲೆ ಕೂರಿಸಿದ. ಜಾಲರಿ ಅಡ್ಡ ಬಂದು ಡೈ (ಒತ್ತುವ ಅಚ್ಚು) ಕಾಣುತ್ತಲೇ ಇರಲಿಲ್ಲ! ಜಾಲರಿ ತೆಗೆಸಿ ದಪ್ಪ ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿದೆವು. ಆಮೇಲೆ ಯಾರೂ ಬಿಚ್ಚಲಿಲ್ಲ. ಗಾರ್ಡ್ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು, ಆದರೆ ಅದನ್ನು ಹಾಕಿಕೊಂಡು ಕೆಲಸ ಮಾಡಲು ಆಗಬೇಕಲ್ವಾ.

ಎಲೆಕ್ಟ್ರಿಷಿಯನ್, ಬೊಮ್ಮಸಂದ್ರ:
ಅಣ್ಣ ಹೇಳಿದ್ದು ಸರಿ. ನೀವು ವೈರ್‌ಗಳನ್ನೂ ನೋಡಿ ಸರ್. ವೆಲ್ಡಿಂಗ್ ಕೇಬಲ್‌ಗೆ ಟೇಪ್ ಸುತ್ತಿರೋದು, ಪ್ಲಗ್ ಇಲ್ಲದೆ ಬರೀ ವೈರ್ ಸಿಕ್ಕಿಸಿರೋದು, ಇವೆರಡೇ ಜಾಸ್ತಿ. ಮಳೆಗಾಲದಲ್ಲಿ ಶೀಟ್ ಸೋರಿ ನೆಲ ಒದ್ದೆಯಾದರೆ ಮುಗಿಯಿತು. ಕೈಯಲ್ಲಿ ಹಿಡಿಯುವ ಗ್ರೈಂಡರ್, ಡ್ರಿಲ್‌ಗಳ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ರಿಪೇರಿಗೆ ಇಳಿಯುವವನು ಮೇನ್ ಆಫ್ ಮಾಡಿ ಬೀಗ ಹಾಕಬೇಕು, ಕೀ ಅವನ ಜೇಬಿನಲ್ಲೇ ಇರಬೇಕು.

ಗಾರ್ಮೆಂಟ್ಸ್ ಟೈಲರ್, ಮೈಸೂರು ರಸ್ತೆ:
ನಮ್ಮಲ್ಲಿ ಹಿಂದಿನ ಬಾಗಿಲಿಗೆ ಯಾವಾಗಲೂ ಕಾರ್ಟನ್ ಜೋಡಿಸಿರುತ್ತಿದ್ದರು. ಒಂದು ದಿನ ಹೊಗೆ ಬಂದಾಗ ಎಲ್ಲರೂ ಮುಂದಿನ ಬಾಗಿಲಿಗೇ ಓಡಿ ಇಬ್ಬರು ಬಿದ್ದರು. ನಿಮ್ಮ ಎರಡನೇ ಬಾಗಿಲು ತೆರೆಯುತ್ತದಾ ಅಂತ ಇವತ್ತೇ ನೋಡಿ.

ಅಪಾರ್ಟ್‌ಮೆಂಟ್ ಮೇಂಟೆನೆನ್ಸ್, ಬೆಳ್ಳಂದೂರು:
ಶೆಡ್ ಹಿಂದೆ ಕೊಳಚೆ ನೀರಿನ ಪಿಟ್ ಇದ್ದರೆ "ಐದು ನಿಮಿಷದ ಕೆಲಸ" ಅಂತ ಯಾರನ್ನೂ ಇಳಿಸಬೇಡಿ, ದಯವಿಟ್ಟು. ಒಳಗಿನ ಗ್ಯಾಸ್ ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಜಾಸ್ತಿಯಾದರೆ ಮೂಗಿಗೆ ಆ ವಾಸನೆಯೇ ತಿಳಿಯೋದಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ವಾಪಸ್ ಬರೋದಿಲ್ಲ. ಸಕ್ಕಿಂಗ್ ಗಾಡಿ ಕರೆಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಡುಗನ ಬೆರಳಿಗೆ ಪ್ಲೇಟ್ ಹಾಕಿದ್ದಾರೆ, ಇ.ಎಸ್.ಐ. ರಿಪೋರ್ಟ್ ಹೋಗಿದೆ. ಇವತ್ತು ಸಂಜೆ ಹೆಲ್ಪರ್‌ಗಳ ಜೊತೆ ಸುತ್ತು ಹಾಕಿದೆ, ಒಂದು ಗಂಟೆಯಲ್ಲಿ ಹದಿನಾಲ್ಕು ವಿಷಯ ಹೇಳಿದರು. ಡ್ರಿಲ್ಲಿಂಗ್ ಮಷಿನ್‌ನ ವೈಸ್ ಎಲ್ಲಿ ಅಂತ ಕೇಳಿದರೆ ಬೆಂಚ್ ಕೆಳಗಿನ ಸ್ಕ್ರಾಪ್‌ನಿಂದ ಎಳೆದು ತೋರಿಸಿದರು, ಎರಡು ಬೋಲ್ಟ್ ಇಲ್ಲ ಅಂತ ಯಾವಾಗಲೋ ಬಿಚ್ಚಿಟ್ಟಿದ್ದಂತೆ. ಎರಡು ಬೋಲ್ಟ್! ತರಿಸಿ ಈಗ ತಾನೇ ಕೂರಿಸಿದೆವು.