ಶಿವಮೊಗ್ಗದಲ್ಲಿದ್ದುಕೊಂಡು ಎಲೆಕ್ಟ್ರಿಕ್ ಕಾರು ಕೊಳ್ಳಬಹುದೇ? ರೇಂಜ್ ಮತ್ತು ಬೆಲೆಯ ಬಗ್ಗೆ ಸಲಹೆ ಬೇಕು

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಹೊರವಲಯದಲ್ಲಿ ಸ್ವಂತ ಮನೆಯಲ್ಲಿದ್ದೇನೆ. ಭದ್ರಾವತಿ ಕಡೆಯ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿರುವುದರಿಂದ ದಿನಕ್ಕೆ ಹೋಗಿ ಬರುವ ಓಡಾಟ ಸುಮಾರು 40 ಕಿ.ಮೀ. ಆಗುತ್ತದೆ. ಮಗಳು ಬೆಂಗಳೂರಿನಲ್ಲಿ ಓದುತ್ತಿರುವ ಕಾರಣ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುತ್ತೇವೆ. ಒಂದು ದಿಕ್ಕಿಗೆ 300 ಕಿ.ಮೀ. ಹತ್ತಿರ. ಹಬ್ಬ ಹರಿದಿನಗಳಲ್ಲಿ ಆಗುಂಬೆ ಘಾಟಿಯ ಮೂಲಕ ನನ್ನ ಹೆಂಡತಿಯ ತವರಾದ ಉಡುಪಿಗೂ ಹೋಗುವುದುಂಟು. ಎಲ್ಲ ಸೇರಿ ತಿಂಗಳಿಗೆ 1,500 ಕಿ.ಮೀ. ಎಂದು ಇಟ್ಟುಕೊಳ್ಳಬಹುದು.

ನಮ್ಮ ಹಳೆಯ ಪೆಟ್ರೋಲ್ ಕಾರನ್ನು ಬದಲಿಸುವ ಸಮಯ ಬಂದಿದೆ. ಟಾಟಾ ನೆಕ್ಸಾನ್‌ನ 45 ಕಿಲೋವ್ಯಾಟ್‌ಅವರ್ ಬ್ಯಾಟರಿಯ ಮಾದರಿಯನ್ನೂ ಅದರ ಪೆಟ್ರೋಲ್ ಮಾದರಿಯನ್ನೂ ನೋಡಿ ಬಂದೆ. ನಾನು ಆರಿಸಿದ ಎರಡು ವೇರಿಯಂಟ್‌ಗಳ ಆನ್‌ರೋಡ್ ಬೆಲೆಯಲ್ಲಿ ಹೆಚ್ಚುಕಡಿಮೆ ಮೂರೂವರೆ ಲಕ್ಷ ರೂಪಾಯಿ ವ್ಯತ್ಯಾಸವಿದೆ. ಶೋರೂಮಿನವರು ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 489 ಕಿ.ಮೀ. ರೇಂಜ್ ಎನ್ನುತ್ತಾರೆ, ಸಹೋದ್ಯೋಗಿಗಳು ಅದರಲ್ಲಿ ಅರ್ಧ ಬಂದರೆ ಪುಣ್ಯ ಎನ್ನುತ್ತಾರೆ. ಘಾಟಿ ಹತ್ತುವಾಗ ಬ್ಯಾಟರಿ ಖಾಲಿಯಾದರೆ ಗತಿಯೇನು ಎಂಬುದು ಮನೆಯವರ ಆತಂಕ. ಹೆಚ್ಚುವರಿ ಹಣ ಎಷ್ಟು ವರ್ಷಕ್ಕೆ ಮರಳಿ ಬರುತ್ತದೆ ಎಂಬುದು ನನ್ನ ಆತಂಕ. ನಿಜವಾಗಿ ಬಳಸುತ್ತಿರುವವರು ದಯವಿಟ್ಟು ತಿಳಿಸಿ.

ಘಟ್ಟದಾಚೆ

ಸರ್, ನಾನು ಅದೇ ಆಗುಂಬೆ ರಸ್ತೆಯಲ್ಲಿ ಎಲೆಕ್ಟ್ರಿಕ್ ಕಾರು ಓಡಿಸುವವನು. ರೇಂಜ್ ವಿಚಾರವನ್ನಷ್ಟೇ ಹೇಳುತ್ತೇನೆ, ಲೆಕ್ಕಾಚಾರ ಬಲ್ಲವರು ಬೇರೆ ಇದ್ದಾರೆ.

489 ಎಂಬುದು ಸುಳ್ಳು ಅಂಕಿಯಲ್ಲ, ಆದರೆ ರಸ್ತೆಯ ಅಂಕಿಯೂ ಅಲ್ಲ. ಪ್ರಯೋಗಾಲಯದಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ನಿಗದಿತ ವೇಗಗಳಲ್ಲಿ ಓಡಿಸಿ ಪಡೆಯುವ ಅಂಕಿ ಅದು. ಆ ಪರೀಕ್ಷೆಯಲ್ಲಿ ವೇಗ 90 ಕಿ.ಮೀ. ದಾಟುವುದೇ ಇಲ್ಲ, ಅದೂ ಸ್ವಲ್ಪ ಹೊತ್ತು ಮಾತ್ರ. ಅದೇ ಕಂಪನಿ ಬಹುಪಾಲು ಗ್ರಾಹಕರಿಗೆ ದೊರೆಯುವ ದೂರವೆಂದು 350 ಕಿ.ಮೀ. ಆಸುಪಾಸಿನ ಇನ್ನೊಂದು ಅಂಕಿಯನ್ನೂ ಕೊಡುತ್ತದೆ, ಅದನ್ನು ಕೇಳಿ ಪಡೆದುಕೊಳ್ಳಿ. ನಾಲ್ಕು ಜನ, ಏಸಿ, ಹೆದ್ದಾರಿಯಲ್ಲಿ 90ರಿಂದ 100ರ ವೇಗ ಎಂದಾದರೆ ಒಂದು ಯೂನಿಟ್‌ಗೆ (ಅಂದರೆ ಒಂದು ಕಿಲೋವ್ಯಾಟ್‌ಅವರ್‌ಗೆ) ಆರರಿಂದ ಆರೂವರೆ ಕಿ.ಮೀ. ಎಂದು ಲೆಕ್ಕ ಹಿಡಿಯಿರಿ. ಅಂದರೆ ತುಂಬಿದ ಬ್ಯಾಟರಿ ಪೂರ್ತಿ ಬರಿದಾಗುವ ಹೊತ್ತಿಗೆ 270ರಿಂದ 290 ಕಿ.ಮೀ. ಬೆಂಗಳೂರಿಗೆ ನಡುವೆ ಒಮ್ಮೆ ನಿಲ್ಲಲೇಬೇಕು. ಫಾಸ್ಟ್ ಚಾರ್ಜರ್‌ನಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಊಟಕ್ಕೋ ತಿಂಡಿಗೋ ಹೇಗೂ ನಿಲ್ಲುತ್ತೀರಿ.

ಘಾಟಿಯ ಬಗ್ಗೆ ಜನರಿಗೆ ಇರುವ ಭಯ ಅತಿಯಾದದ್ದು. ಸೋಮೇಶ್ವರದಿಂದ ಆಗುಂಬೆಯವರೆಗಿನ ಏರು ಐನೂರು ಮೀಟರಿಗಿಂತ ತುಸು ಹೆಚ್ಚು. ಪ್ರಯಾಣಿಕರೂ ಸೇರಿ 1,700 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಒಯ್ಯಲು, ಮೋಟಾರಿನಲ್ಲಾಗುವ ನಷ್ಟವನ್ನೂ ಸೇರಿಸಿಕೊಂಡರೆ, ಮೂರು ಯೂನಿಟ್‌ಗಳಷ್ಟು ವಿದ್ಯುತ್ ಹೆಚ್ಚುವರಿಯಾಗಿ ಬೇಕು. 45 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಅದು ಶೇ 7. ಗಾಬರಿ ಹುಟ್ಟಿಸುವುದು ಡ್ಯಾಶ್‌ಬೋರ್ಡ್‌ನ ಅಂಕಿ: ಆ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಉಳಿದ ದೂರ 150 ಇದ್ದದ್ದು ನೋಡನೋಡುತ್ತಿದ್ದಂತೆ 110ಕ್ಕೆ ಇಳಿಯುತ್ತದೆ, ಏಕೆಂದರೆ ಗಾಡಿ ಮುಂದಿನ ದಾರಿಯೂ ಹೀಗೆಯೇ ಇರುತ್ತದೆಂದು ಊಹಿಸುತ್ತದೆ. ತೀರ್ಥಹಳ್ಳಿಯ ಕಡೆ ಸಾಗುತ್ತಿದ್ದಂತೆ ಅಂಕಿ ಮತ್ತೆ ಸುಧಾರಿಸುತ್ತದೆ. ಘಾಟಿಯಲ್ಲಿ ಕಿಲೋಮೀಟರ್ ನೋಡಬೇಡಿ, ಶೇಕಡಾವಾರು ಚಾರ್ಜ್ ನೋಡಿ. ಇಳಿಯುವಾಗ ಬ್ರೇಕ್ ಮುಟ್ಟದೆ ರೀಜನ್‌ನಲ್ಲೇ (ಮೋಟಾರೇ ವಿದ್ಯುತ್ ಉತ್ಪಾದಿಸುತ್ತ ಗಾಡಿಯನ್ನು ನಿಧಾನಗೊಳಿಸುವ ವ್ಯವಸ್ಥೆ) ಇಳಿದರೆ ಹತ್ತಲು ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿಗೆ ಮರಳುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಮಾತ್ರ ರೀಜನ್ ಸರಿಯಾಗಿ ಹಿಡಿಯುವುದಿಲ್ಲ. ಆಗ ಸಾಮಾನ್ಯ ಕಾರಿನಂತೆ ಬ್ರೇಕ್ ಬಳಸಬೇಕು.

ಉಡುಪಿಗೆ ಹೋಗಿ ಬರಲು ಮಾವನ ಮನೆಯಲ್ಲಿ ಒಂದು 15 ಆಂಪ್ ಪ್ಲಗ್ ಇದ್ದರೆ ಸಾಕು, ಸಾರ್ವಜನಿಕ ಚಾರ್ಜರ್ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಲೆಕ್ಕಿಗ

ಘಟ್ಟದಾಚೆಯವರು ರೇಂಜ್ ವಿಚಾರವನ್ನು ಇತ್ಯರ್ಥ ಮಾಡಿದ್ದಾರೆ. ಹಣದ ವಿಚಾರ ಅಷ್ಟು ಸಲೀಸಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮ 1,500 ಕಿ.ಮೀ.ಗೆ ಲೀಟರಿಗೆ 15ರ ಮೈಲೇಜ್ ಹಿಡಿದರೆ 100 ಲೀಟರ್ ಪೆಟ್ರೋಲ್, ಅಂದರೆ ತಿಂಗಳಿಗೆ ಹತ್ತು ಸಾವಿರ ರೂಪಾಯಿಗೆ ಮೇಲೆ. ಎಲೆಕ್ಟ್ರಿಕ್ ಕಾರಿನಲ್ಲಿ 1,200 ಕಿ.ಮೀ.ಯನ್ನು ಮನೆಯ ಚಾರ್ಜಿಂಗ್‌ನಲ್ಲಿ ಓಡಿಸಿದರೆ, ಚಾರ್ಜ್ ಆಗುವಾಗಿನ ನಷ್ಟವೂ ಸೇರಿ ಮೀಟರಿನಲ್ಲಿ ಸುಮಾರು 200 ಯೂನಿಟ್ ದಾಖಲಾಗುತ್ತದೆ. ಮಾರಾಟಗಾರರು ಇದನ್ನು ಯೂನಿಟ್‌ಗೆ ಏಳು ರೂಪಾಯಿಯಂತೆ ಗುಣಿಸಿ 1,400 ರೂಪಾಯಿ ಎಂದು ತೋರಿಸಿ ಮುಗಿಸಿಬಿಡುತ್ತಾರೆ. ಆದರೆ ನೀವು ಗೃಹಜ್ಯೋತಿ ಫಲಾನುಭವಿಗಳಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಈಗ ನಿಮ್ಮ ಮನೆಯ ಬಳಕೆ 120 ಯೂನಿಟ್ ಇದ್ದು ಬಿಲ್ ಶೂನ್ಯ ಬರುತ್ತಿದೆ ಎಂದುಕೊಳ್ಳಿ. ಕಾರಿನ 200 ಸೇರಿ 320 ಆದ ಕೂಡಲೇ 200ರ ಮಿತಿ ದಾಟುವುದರಿಂದ, ಮೇಲಿನ 120ಕ್ಕೆ ಮಾತ್ರವಲ್ಲ, ಅಷ್ಟಕ್ಕೂ ಬಿಲ್ ಕಟ್ಟಬೇಕು. ನಿಗದಿತ ಶುಲ್ಕವೂ ಸೇರಿ ಅದು ಎರಡೂವರೆ ಸಾವಿರ ದಾಟುತ್ತದೆ. ಕಾರಿನ ನಿಜವಾದ ವಿದ್ಯುತ್ ವೆಚ್ಚ ಅದು.

ಇದಕ್ಕೆ ಬೆಂಗಳೂರು ದಾರಿಯ ಫಾಸ್ಟ್ ಚಾರ್ಜಿಂಗ್ ಸೇರಿಸಿ. ಅಲ್ಲಿ ಜಿಎಸ್‌ಟಿಯೂ ಸೇರಿ ಯೂನಿಟ್‌ಗೆ 20ರಿಂದ 25 ರೂಪಾಯಿ ಬೀಳುತ್ತದೆ. ಐವತ್ತು ಯೂನಿಟ್‌ಗೆ ಸಾವಿರದ ಇನ್ನೂರು ಹಿಡಿಯೋಣ. ಒಟ್ಟು ವೆಚ್ಚ 3,700, ಉಳಿತಾಯ ತಿಂಗಳಿಗೆ ಆರೂವರೆ ಸಾವಿರ, ವರ್ಷಕ್ಕೆ ಎಂಬತ್ತು ಸಾವಿರದ ಹತ್ತಿರ. ಮೂರೂವರೆ ಲಕ್ಷ ಮರಳಲು ನಾಲ್ಕೂವರೆ ವರ್ಷ, ಆ ಹಣಕ್ಕೆ ಬ್ಯಾಂಕಿನ ಬಡ್ಡಿ ಸೇರಿಸಿದರೆ ಆರರ ಹತ್ತಿರ. ಸರ್ವಿಸ್ ಖರ್ಚಿನಲ್ಲಿ ಒಂದಿಷ್ಟು ಉಳಿಯುತ್ತದೆ, ವಿಮೆಯಲ್ಲಿ ಅದರ ಒಂದು ಭಾಗ ಹೋಗುತ್ತದೆ. ದಿನಕ್ಕೆ ನಲವತ್ತರ ಬದಲು ಹದಿನೈದು ಕಿ.ಮೀ. ಓಡಿಸುವವರು ಇದೇ ಪ್ರಶ್ನೆ ಕೇಳಿದ್ದರೆ ಖಂಡಿತ ಬೇಡ ಎನ್ನುತ್ತಿದ್ದೆ. ನಿಮ್ಮದು ಲಾಭದ ಕಡೆಗೇ ಇದೆ, ಆದರೆ ಅಲ್ಪ ಅಂತರದಲ್ಲಿ.

ಬೆಲೆಯ ಅಂತರ ಸ್ಥಿರವಲ್ಲ ಎಂಬುದನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿದ್ದ ಪರಿಹಾರ ಸೆಸ್ಸೂ ಹೋಯಿತು. ಎಲೆಕ್ಟ್ರಿಕ್ ಕಾರಿಗೆ 2019ರಿಂದಲೂ ಶೇ 5 ಇದ್ದದ್ದು ಹಾಗೆಯೇ ಇದೆ. ಹೀಗಾಗಿ ಪೆಟ್ರೋಲ್ ಕಾರು ಅಗ್ಗವಾಯಿತು, ಎಲೆಕ್ಟ್ರಿಕ್ ಕಾರಿನ ಅನುಕೂಲ ಅಷ್ಟು ಕುಗ್ಗಿತು. ನಮ್ಮ ರಾಜ್ಯದ ರಸ್ತೆ ತೆರಿಗೆ ವಿನಾಯಿತಿಯೂ ಶಾಶ್ವತವಲ್ಲ: 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10 ಆಜೀವ ತೆರಿಗೆ ಬಂತು. ಹಳೆಯ ಬೆಲೆಪಟ್ಟಿಯನ್ನು ನಂಬದೆ, ಬುಕ್ ಮಾಡುವ ವಾರದ ಆನ್‌ರೋಡ್ ಬೆಲೆಯನ್ನು ಸಾಲುಸಾಲಾಗಿ ಬರೆಸಿಕೊಳ್ಳಿ.

ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಯೋಜನೆಯನ್ನೂ ಯಾರಾದರೂ ನಿಮಗೆ ತೋರಿಸುತ್ತಾರೆ. ಎಂಜಿ ವಿಂಡ್ಸರ್ 2024ರಲ್ಲಿ 9.99 ಲಕ್ಷ ರೂಪಾಯಿ ಬೆಲೆಗೆ, ಕಿಲೋಮೀಟರಿಗೆ 3.50 ರೂಪಾಯಿ ಬ್ಯಾಟರಿ ಬಾಡಿಗೆಯೊಂದಿಗೆ ಬಂದಾಗ ಎಲ್ಲರೂ ಅಗ್ಗವೆಂದು ಹಿಗ್ಗಿದರು. ನಿಮ್ಮ 1,500 ಕಿ.ಮೀ.ಗೆ ಆ ದರದಲ್ಲಿ ಬಾಡಿಗೆಯೇ 5,250 ಆಗುತ್ತದೆ. ಮೇಲಿನ 3,700 ಸೇರಿಸಿದರೆ ಪೆಟ್ರೋಲಿಗೂ ಇದಕ್ಕೂ ಉಳಿಯುವ ಅಂತರ ಸಾವಿರ ಚಿಲ್ಲರೆ. ಮೊದಲು ಕೊಡಬೇಕಾದ ಹಣ ಕಡಿಮೆಯಾಯಿತು, ಅಷ್ಟೇ.

ಮೂರುಫೇಸ್

ಲೆಕ್ಕಿಗರು ಹೇಳಿದ ಗೃಹಜ್ಯೋತಿ ಸಮಸ್ಯೆಗೆ ದಾರಿ ಇದೆ. ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ದರವರ್ಗವಿದ್ದು, ಮೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಅದಕ್ಕಾಗಿ ಬೇರೆ ಮೀಟರಿಗೆ ಅರ್ಜಿ ಹಾಕಬಹುದು. ಆಗ ಕಾರಿನ ಬಳಕೆ ಮನೆಯ ಆರ್.ಆರ್. ಸಂಖ್ಯೆಯಲ್ಲಿ ಸೇರುವುದಿಲ್ಲ. ಆ ಮೀಟರಿಗೂ ನಿಗದಿತ ಶುಲ್ಕ ಇರುವುದರಿಂದ ಎರಡನ್ನೂ ತೂಗಿ ನೋಡಿ.

ನಾನು ವಿದ್ಯುತ್ ಗುತ್ತಿಗೆದಾರನಾದ್ದರಿಂದ ಇನ್ನೊಂದು ಮಾತು. ಕೊಳ್ಳುವವರು ರೇಂಜ್ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ, ಅರ್ಥಿಂಗ್ ಬಗ್ಗೆ ಒಂದು ನಿಮಿಷವೂ ಯೋಚಿಸುವುದಿಲ್ಲ. ಹೊಸ ಕಾರು ಮನೆಗೆ ಬಂದ ರಾತ್ರಿಯೇ ಚಾರ್ಜ್ ಆಗುತ್ತಿಲ್ಲ ಎಂದು ಫೋನ್ ಬಂದರೆ ನಾನು ಮೊದಲು ನೋಡುವುದು ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು. ಅದು ಕೆಲವೇ ವೋಲ್ಟ್ ಮೀರಿದರೂ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಎಲ್ಲಿದೆ ಎಂಬುದೇ ಮನೆಯವರಿಗೆ ಮರೆತಿರುತ್ತದೆ. ಅಗೆದು ನೋಡಿದರೆ ತುಕ್ಕು ಹಿಡಿದ ಪೈಪು, ಒಣಗಿದ ಮಣ್ಣು. ಇದ್ದಿಲು, ಉಪ್ಪು ಹಾಕಿ ಗುಂಡಿಯನ್ನು ಹೊಸದಾಗಿ ಮಾಡಿಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಿ. ಬೋರ್ಡಿನಿಂದ ಕಾರಿನ ಪ್ಲಗ್‌ಗೆ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ತಂತಿ, ಅದಕ್ಕೇ ಮೀಸಲಾದ ಎಂಸಿಬಿ (ಲೋಡ್ ಮಿತಿಮೀರಿದರೆ ವಿದ್ಯುತ್ ಕಡಿಯುವ ಸ್ವಿಚ್) ಮತ್ತು ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿಯುವ ಸ್ವಿಚ್) ಇರಲಿ. ಗೀಸರಿನ ಪ್ಲಗ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಚಾರ್ಜ್ ಮಾಡುವುದು ಬೇಡವೇ ಬೇಡ. ಗಂಟೆಗಟ್ಟಲೆ 12–13 ಆಂಪ್ ಹರಿದರೆ ಅಂಥ ಪ್ಲಗ್‌ಗಳು ಕರಗುತ್ತವೆ. ಏಪ್ರಿಲ್, ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಳಚಿಡುವುದು ಒಳ್ಳೆಯದು.

ಹಳೇ ರೇವಾ

ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರನ್ನು ಓಡಿಸಿದವರಲ್ಲಿ ನಾನೂ ಒಬ್ಬ. ಸೀಸ-ಆಮ್ಲದ ಬ್ಯಾಟರಿ, 80 ಕಿ.ಮೀ. ಎಂದು ಹೇಳುತ್ತಿದ್ದ ರೇಂಜ್, ಆಗಾಗ ಡಿಸ್ಟಿಲ್ಡ್ ವಾಟರ್. ಈಗಿನವರ ರೇಂಜ್ ಭಯ ಕಂಡಾಗ ನಗು ಬರುತ್ತದೆ. ಆದರೂ ನನ್ನ ಸಲಹೆ ಎಚ್ಚರದ್ದೇ.

ಕೊಂಡ ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ಮಾತ್ರ ಕೊಳ್ಳಿ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುತ್ತದೆ. ಈಚೆಗೆ ಕೆಲವು ಕಂಪನಿಗಳು ಆಜೀವ ವಾರಂಟಿ ಎಂದು ಸಾರುತ್ತಿವೆ, ಆದರೆ ಷರತ್ತುಗಳನ್ನು ಓದಿದರೆ ಅದು ಮೊದಲ ಮಾಲೀಕರಿಗೆ ಮಾತ್ರ. ನಿಮ್ಮಿಂದ ಕೊಳ್ಳುವವರಿಗೆ ಆ ರಕ್ಷಣೆ ಸಿಗದಿದ್ದರೆ ಅವರು ಬೆಲೆಯನ್ನು ಅದಕ್ಕೆ ತಕ್ಕಂತೆಯೇ ಕೇಳುತ್ತಾರೆ. ನಾಲ್ಕು ವರ್ಷಕ್ಕೆ ಮಾರುವ ಅಭ್ಯಾಸದವರಿಗೆ ಲೆಕ್ಕಿಗರ ಉಳಿತಾಯವೆಲ್ಲ ಆ ಒಂದೇ ವ್ಯವಹಾರದಲ್ಲಿ ಹೋಗುತ್ತದೆ.

ಸಾರ್ವಜನಿಕ ಚಾರ್ಜರ್‌ಗಳ ಸಂಖ್ಯೆಯಲ್ಲಿ ಕರ್ನಾಟಕ ಮುಂಚೂಣಿಯ ರಾಜ್ಯವೆಂಬುದು ನಿಜ, ಆದರೆ ಬಹುಪಾಲು ಇರುವುದು ಬೆಂಗಳೂರಿನಲ್ಲೇ. ಹೆದ್ದಾರಿಯ ಪೆಟ್ರೋಲ್ ಬಂಕೊಂದರಲ್ಲಿ ನಕ್ಷೆ ತೋರಿಸಿದ ಚಾರ್ಜರ್‌ಗೆ ಬೀಗ ಹಾಕಿದ್ದು, ಕೀಲಿ ಯಾರ ಬಳಿ ಇದೆ ಎಂದು ಅಲ್ಲಿನವರಿಗೇ ಗೊತ್ತಿಲ್ಲದ್ದನ್ನು ನಾನು ಕಂಡಿದ್ದೇನೆ. ಹೊರಡುವ ಮುನ್ನ ಆ್ಯಪ್‌ನಲ್ಲಿ ಆ ಚಾರ್ಜರನ್ನು ಕೊನೆಯದಾಗಿ ಯಾರು, ಯಾವಾಗ ಬಳಸಿದರು ಎಂಬ ಟಿಪ್ಪಣಿ ನೋಡಿ. ಶೇ 15ಕ್ಕೆ ಇಳಿಯುವವರೆಗೆ ಕಾಯದೆ, ಶೇ 35 ಇರುವಾಗಲೇ ನಿಲ್ಲಿ. ಒಂದು ಕೆಟ್ಟಿದ್ದರೆ ಮುಂದಿನದಕ್ಕೆ ಹೋಗಲು ಚಾರ್ಜ್ ಉಳಿದಿರುತ್ತದೆ.

ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಾವು ಕಾರನ್ನು ಬೇಗ ಮಾರುವವರಲ್ಲ, ಈಗಿನದು ಹನ್ನೆರಡನೆಯ ವರ್ಷದಲ್ಲಿದೆ. ಗೃಹಜ್ಯೋತಿಯ ವಿಚಾರವನ್ನು ಶೋರೂಮಿನಲ್ಲಿ ಯಾರೂ ಹೇಳಿರಲಿಲ್ಲ. ಬುಕ್ ಮಾಡುವ ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸುತ್ತೇನೆ, ಟೆಸ್ಟ್ ಡ್ರೈವ್‌ಗೆ ಆಗುಂಬೆಯವರೆಗೆ ಕೊಡುತ್ತೀರಾ ಎಂದೂ ಕೇಳುತ್ತೇನೆ. ಒಂದೇ ಅನುಮಾನ ಉಳಿದಿದೆ: 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಹಾಕಿಸಲೇಬೇಕೇ? ನಮ್ಮ ಮನೆಗೆ ಮಂಜೂರಾಗಿರುವ ಲೋಡ್ 3 ಕಿಲೋವ್ಯಾಟ್ ಮಾತ್ರ.

ಮೂರುಫೇಸ್

ಬೇಡ ಸರ್. ದಿನದ 40 ಕಿ.ಮೀ.ಗೆ ಆರೇಳು ಯೂನಿಟ್ ಸಾಕು, 15 ಆಂಪ್ ಪ್ಲಗ್‌ನಲ್ಲಿ ಅದು ಮೂರು ಗಂಟೆಯೊಳಗೆ ತುಂಬುತ್ತದೆ. ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಮಾತ್ರ ಕಾಲೇಜಿನಿಂದ ಬಂದ ಕೂಡಲೇ ಸಿಕ್ಕಿಸಿ. ಆದರೆ 3 ಕಿಲೋವ್ಯಾಟ್ ಲೋಡ್‌ನಲ್ಲಿ ಕಾರು ಮತ್ತು ಗೀಸರ್ ಒಟ್ಟಿಗೆ ನಡೆಯುವುದಿಲ್ಲ, ಆದ್ದರಿಂದ ಚಾರ್ಜಿಂಗನ್ನು ರಾತ್ರಿ ಹನ್ನೊಂದರ ನಂತರಕ್ಕೆ ಇಟ್ಟುಕೊಳ್ಳಿ. ಪ್ರತ್ಯೇಕ ಮೀಟರ್ ತೆಗೆದುಕೊಳ್ಳುವುದಾದರೆ ಅದರ ಅರ್ಜಿಯಲ್ಲೇ 4 ಕಿಲೋವ್ಯಾಟ್ ಕೇಳಿ; ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ, ಗೀಸರಿನ ತಕರಾರು ಇರುವುದಿಲ್ಲ.